ಕೆಲಸ ಹುಡುಕುವಾಗ ಒಂಟಿಯಾಗಬೇಡಿ: ಜೊತೆ ಕಟ್ಟಿಕೊಳ್ಳುವ ದಾರಿ, ಹಂತ ಹಂತವಾಗಿ

ಫೋನ್ ರಿಂಗ್ ಆಗುತ್ತಿತ್ತು. ಹಳೆಯ ಗೆಳೆಯನ ಹೆಸರು ಕಾಣಿಸುತ್ತಿತ್ತು. ನಾನು ನೋಡುತ್ತಾ ಕೂತೆ, ಎತ್ತಲಿಲ್ಲ. ಅವನು ಮೊದಲು ಏನು ಕೇಳುತ್ತಾನೆ ಅಂತ ನನಗೆ ಗೊತ್ತಿತ್ತು: "ಏನಾಯ್ತು, ಎಲ್ಲಾದರೂ ಕೆಲಸ ಸಿಕ್ತಾ?" ಕೆಲಸ ಹುಡುಕಲು ಶುರು ಮಾಡಿ ಆಗ ಐದು ತಿಂಗಳಾಗಿತ್ತು. ಹೇಳಲು ಹೊಸದೇನೂ ಇರಲಿಲ್ಲ. ಮೊದಲು ಅವನ ಫೋನ್ ಬಿಟ್ಟೆ. ಆಮೇಲೆ ಇನ್ನೊಬ್ಬ ಗೆಳತಿಯ ಮೆಸೇಜ್‌ಗೆ ಉತ್ತರ ಕೊಡಲಿಲ್ಲ. ಕೊನೆಗೆ ನಾಲ್ಕು ಜನ ಸೇರುವ ಕಡೆಗೆ ಹೋಗುವುದನ್ನೇ ನಿಲ್ಲಿಸಿದೆ.

ಅರ್ಜಿ ಹಾಕಿದ ಕಡೆಯಿಂದ ಉತ್ತರವೇ ಬರುತ್ತಿಲ್ಲ ಅಂತ ನಾನು ಒಳಗೊಳಗೇ ಕುಗ್ಗುತ್ತಿದ್ದೆ. ಅದೇ ಹೊತ್ತಿಗೆ ನನ್ನವರಿಗೆ ನಾನೂ ಉತ್ತರ ಕೊಡುತ್ತಿರಲಿಲ್ಲ. ಇದು ಹೊಳೆಯಲು ನನಗೆ ಬಹಳ ದಿನ ಬೇಕಾಯಿತು.

ಕೆಲಸ ಹುಡುಕುವವರಿಗೆ ಬೆಂಬಲ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾರ ಹತ್ತಿರ ಯಾವ ಸಹಾಯ ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು ಅಂತ ಹೇಳುವವರು ಕಡಿಮೆ. ಇಲ್ಲಿ ಅದನ್ನೇ ಬರೆದಿದ್ದೇನೆ. ಕೆಲಸ ಕಳೆದುಕೊಂಡವರು, ಓದು ಮುಗಿಸಿ ಮೊದಲ ಕೆಲಸ ಹುಡುಕುವವರು, ಕೆಲವು ವರ್ಷ ಮನೆಯಲ್ಲಿದ್ದು ಮತ್ತೆ ಹೊರಟವರು, ಎಲ್ಲರಿಗೂ ಇದು ಅನ್ವಯಿಸುತ್ತದೆ.

ಈ ಒಂಟಿತನ ಎಲ್ಲಿಂದ ಬರುತ್ತದೆ?

ಸುಮಾರು 1930ರಲ್ಲಿ ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಹಳ್ಳಿಯಲ್ಲಿ ಬಟ್ಟೆ ಗಿರಣಿ ಮುಚ್ಚಿತು. ಊರಿಗೆ ಊರೇ ಅದನ್ನು ನಂಬಿಕೊಂಡು ಬದುಕುತ್ತಿತ್ತು. ಮನೋವಿಜ್ಞಾನಿ ಮರಿ ಯಹೋಡಾ ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ಹತ್ತಿರದಿಂದ ನೋಡಿದರು. ಅವರ ವರದಿ 1933ರಲ್ಲಿ ಹೊರಬಂತು. ಜನರ ಕೈಯಲ್ಲಿ ದಿನವಿಡೀ ಬಿಡುವಿತ್ತು. ಆದರೂ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳ ಸಂಖ್ಯೆ ಹೆಚ್ಚಾಗಲಿಲ್ಲ, ಅರ್ಧದಷ್ಟಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರ ನಡಿಗೆಯೇ ನಿಧಾನವಾಯಿತು.

ಕೆಲಸದಿಂದ ಸಂಬಳ ಮಾತ್ರ ಬರುವುದಿಲ್ಲ ಅಂತ ಯಹೋಡಾ ಮುಂದೆ ವಿವರಿಸಿದರು. ದಿನಕ್ಕೊಂದು ಕ್ರಮ ಬರುತ್ತದೆ. ಮನೆಯ ಹೊರಗಿನ ಜನರ ಒಡನಾಟ ಸಿಗುತ್ತದೆ. ಹಲವರು ಸೇರಿ ಏನೋ ಮಾಡುತ್ತಿದ್ದೇವೆ ಅನ್ನುವ ಭಾವ ಇರುತ್ತದೆ. "ನಾನು ಇಂಥ ಕೆಲಸದವನು" ಅನ್ನುವ ಗುರುತು ಇರುತ್ತದೆ. ಕೈಗೆ ಬಿಡುವಿಲ್ಲದಷ್ಟು ಕೆಲಸವಿರುತ್ತದೆ. ಕೆಲಸ ಹೋದಾಗ ಈ ಐದೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ನಿಮಗೆ ಮಂಕು ಕವಿದಿದ್ದರೆ, ಜನರನ್ನು ನೋಡಲು ಮನಸ್ಸಿಲ್ಲದಿದ್ದರೆ, ಅದು ನಿಮ್ಮ ದೌರ್ಬಲ್ಯವಲ್ಲ. ನಿಮ್ಮನ್ನು ಜನರ ಜೊತೆ ಸೇರಿಸಿದ್ದ ದಾರವೇ ಸದ್ಯಕ್ಕೆ ಕಡಿದಿದೆ. ಅದನ್ನು ಬೇರೆ ಕಡೆಯಿಂದ ಮತ್ತೆ ಕಟ್ಟಬೇಕು.

ಹಂತ 1: ನಿಮಗೆ ಬೇಕಿರುವುದು ಯಾವ ಸಹಾಯ?

ಒಂದು ಹಾಳೆ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ಮಾತು ಬರೆಯಿರಿ: ಕಿವಿ, ಕಣ್ಣು, ಬಾಗಿಲು, ಜೊತೆ.

ಕಿವಿ ಅಂದರೆ ಸುಮ್ನೆ ಕೇಳಿಸಿಕೊಳ್ಳುವವರು. ಸಲಹೆ ಕೊಡುವುದಿಲ್ಲ, ಗಾಬರಿಯಾಗುವುದಿಲ್ಲ.

ಕಣ್ಣು ಅಂದರೆ ನಿಮ್ಮ ರೆಸ್ಯೂಮೆ ನೋಡಿ "ಈ ಸಾಲು ಅರ್ಥವಾಗಲಿಲ್ಲ" ಅಂತ ಮುಖಕ್ಕೆ ಹೇಳುವವರು. ನಿಮ್ಮನ್ನು ಎದುರು ಕೂರಿಸಿಕೊಂಡು ಇಂಟರ್‌ವ್ಯೂ ಮಾಡಿ, ಎಲ್ಲಿ ಎಡವಿದಿರಿ ಅಂತ ತೋರಿಸುವವರು. ಇವರಿಗೆ ನಿಮ್ಮ ಕೆಲಸದ ಬಗ್ಗೆ ಸ್ವಲ್ಪ ಗೊತ್ತಿರಬೇಕು.

ಬಾಗಿಲು ಅಂದರೆ ಎಲ್ಲಿ ಜಾಗ ಖಾಲಿ ಇದೆ, ಯಾರನ್ನು ಕಂಡರೆ ಒಳ್ಳೆಯದು ಅಂತ ಹೇಳಬಲ್ಲವರು. ರೆಫರ್ ಮಾಡಬಲ್ಲವರು, ಅಂದರೆ ತಮ್ಮ ಸಂಸ್ಥೆಯಲ್ಲಿ ನಿಮ್ಮ ಹೆಸರು ಸೂಚಿಸಬಲ್ಲವರು.

ಜೊತೆ ಅಂದರೆ ನಿಮ್ಮ ಹಾಗೆಯೇ ಕೆಲಸ ಹುಡುಕುತ್ತಿರುವವರು. "ಹತ್ತು ದಿನವಾಯ್ತು, ಒಂದು ಉತ್ತರವೂ ಇಲ್ಲ" ಅಂದರೆ ಅದರ ಅರ್ಥವನ್ನು ಇವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದೊಂದರ ಮುಂದೆ ನೆನಪಾದ ಹೆಸರು ಬರೆಯಿರಿ. ಒಬ್ಬರ ಹೆಸರೇ ಸಾಕು, ಜಾಸ್ತಿ ಬೇಡ. ಎಲ್ಲಿ ಹೆಸರಿಲ್ಲವೋ ಅಲ್ಲಿ ಸುಮ್ನೆ ಖಾಲಿ ಬಿಡಿ.

ಈಗ ಹಾಳೆ ನೋಡಿ. ನಾಲ್ಕೂ ಕಡೆ ಅದೇ ಒಬ್ಬರ ಹೆಸರು ಇದೆಯಾ? ಬಹಳ ಜನರ ಹಾಳೆಯಲ್ಲಿ ಹಾಗಿರುತ್ತದೆ. ಗಂಡ, ಹೆಂಡತಿ, ಅಕ್ಕ ಅಥವಾ ಒಬ್ಬ ಆಪ್ತ ಗೆಳೆಯ. ನನ್ನ ಹಾಳೆಯಲ್ಲೂ ಹಾಗೇ ಇತ್ತು. ಬೆಳಿಗ್ಗೆ ನನ್ನ ರೆಸ್ಯೂಮೆ ತಿದ್ದಿದವಳೇ ರಾತ್ರಿ ನನ್ನ ಅಳುವನ್ನೂ ಕೇಳಬೇಕಿತ್ತು. ಮೂರು ತಿಂಗಳಿಗೆ ಅವಳು ಸೋತುಹೋದಳು. ಅವಳಿಗೆ ಪ್ರೀತಿ ಕಡಿಮೆಯಾಗಿರಲಿಲ್ಲ. ಒಬ್ಬರು ಹೊರಬಹುದಾದ ಭಾರಕ್ಕೆ ಒಂದು ಮಿತಿ ಇದೆ, ಅಷ್ಟೇ.

ಇನ್ನೊಂದು ವಿಷಯ. ತಪ್ಪು ಜನರ ಹತ್ತಿರ ತಪ್ಪು ಸಹಾಯ ಕೇಳಿದಾಗ ಮನಸ್ಸಿಗೆ ಜಾಸ್ತಿ ನೋವಾಗುತ್ತದೆ. ನೋವು ತೋಡಿಕೊಳ್ಳಲು ಹೋದಾಗ ಎದುರಿನವರು "ನೀನು ಆ ಕೋರ್ಸ್ ಮಾಡಬೇಕಿತ್ತು" ಅಂದರೆ ಸಿಟ್ಟು ಬರುತ್ತದೆ ಅಲ್ವಾ? ಅವರು ಕೆಟ್ಟವರಲ್ಲ. ಅವರು ಕಣ್ಣಾಗಬಲ್ಲರು, ಕಿವಿಯಾಗಲಾರರು. ಆ ಹೆಸರನ್ನು ಸರಿಯಾದ ಜಾಗಕ್ಕೆ ಬರೆದುಕೊಂಡರೆ ಸಂಬಂಧವೂ ಉಳಿಯುತ್ತದೆ, ಸಹಾಯವೂ ಸಿಗುತ್ತದೆ.

ಹಂತ 2: ಮನೆಯವರ ಜೊತೆ ಒಂದು ಒಪ್ಪಂದ

ಇದನ್ನು ಮುಂದೂಡಬೇಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಅತಿ ಕಷ್ಟದ ಹಂತವೂ ಇದೇ.

ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳದೆ, ದಿನಾ ಬೆಳಿಗ್ಗೆ ಬ್ಯಾಗ್ ಹಿಡಿದು ಹೊರಡುವವರಿದ್ದಾರೆ. ಹೇಳಿದವರಲ್ಲೂ ಅನೇಕರು ಅರ್ಧ ಮಾತ್ರ ಹೇಳಿರುತ್ತಾರೆ. ಮುಚ್ಚಿಟ್ಟಷ್ಟು ದಿನ ನಿಮಗೆ ಎರಡು ಕೆಲಸ: ಒಂದು ಹುಡುಕುವುದು, ಇನ್ನೊಂದು ನಟಿಸುವುದು. ಎರಡನೆಯದಕ್ಕೆ ಹೆಚ್ಚು ಶಕ್ತಿ ಬೇಕು.

ಹೇಳುವಾಗ ಮೂರು ವಿಷಯ ಒಟ್ಟಿಗೆ ಹೇಳಿ. ಏನಾಗಿದೆ, ಈಗ ಏನು ಮಾಡುತ್ತಿದ್ದೀರಿ, ಅವರಿಂದ ಏನು ಬೇಕು. ಮೊದಲನೆಯದನ್ನು ಮಾತ್ರ ಹೇಳಿ ನಿಲ್ಲಿಸಿದರೆ ಅವರಿಗೆ ಭಯವೊಂದೇ ಉಳಿಯುತ್ತದೆ. ಹೀಗೆ ಹೇಳಬಹುದು:

"ಅಪ್ಪಾ, ನನ್ನ ಕೆಲಸ ಹೋಗಿದೆ. ತಪ್ಪು ಮಾಡಿ ಹೋದದ್ದಲ್ಲ, ನಮ್ಮ ವಿಭಾಗವನ್ನೇ ಮುಚ್ಚಿದರು. ಎರಡು ವಾರದಿಂದ ಬೇರೆ ಕಡೆ ಅರ್ಜಿ ಹಾಕುತ್ತಿದ್ದೇನೆ. ನಿಮ್ಮಿಂದ ಒಂದೇ ಸಹಾಯ ಬೇಕು. ಏನಾಯ್ತು ಅಂತ ದಿನಾ ಕೇಳಬೇಡಿ. ಭಾನುವಾರ ಸಂಜೆ ನಾನೇ ಕೂತು ಎಲ್ಲ ಹೇಳುತ್ತೇನೆ."

ಆ ಕೊನೆಯ ಎರಡು ಸಾಲು ನಮ್ಮ ಮನೆಯನ್ನು ಉಳಿಸಿದವು. "ಏನಾಯ್ತು?" ಅನ್ನುವ ಪ್ರಶ್ನೆಯಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ದಿನಕ್ಕೆ ಮೂರು ಸಲ ಬಂದರೆ ಅದು ಲೆಕ್ಕ ಕೇಳಿದ ಹಾಗೆ ಕೇಳಿಸುತ್ತದೆ. ಕೇಳದೇ ಇದ್ದರೆ ಅವರಿಗೆ ಆತಂಕ. ವಾರಕ್ಕೊಂದು ಹೊತ್ತು ಗೊತ್ತು ಮಾಡಿದರೆ ಇಬ್ಬರಿಗೂ ನೆಮ್ಮದಿ. ನೀವೂ ಮಾತು ಉಳಿಸಿಕೊಳ್ಳಬೇಕು. ಭಾನುವಾರ ಬಂದಾಗ ಹೇಳಲು ಏನೂ ಇಲ್ಲದಿದ್ದರೂ ಕೂತು "ಈ ವಾರ ಆರು ಅರ್ಜಿ ಹಾಕಿದೆ, ಒಂದು ಫೋನ್ ಬಂತು, ಮುಂದೆ ಹೋಗಲಿಲ್ಲ" ಅಂತ ಹೇಳಿ.

ಸಂಗಾತಿ ಇದ್ದರೆ ದುಡ್ಡಿನ ಮಾತು ತಪ್ಪಿಸಬೇಡಿ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 1996ರಲ್ಲಿ ಕೆಲಸ ಕಳೆದುಕೊಂಡವರನ್ನೂ ಅವರ ಸಂಗಾತಿಗಳನ್ನೂ ಒಟ್ಟಿಗೆ ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ದುಡ್ಡಿನ ಬಿಗಿತ ಇಬ್ಬರ ಮನಸ್ಸನ್ನೂ ಕುಗ್ಗಿಸುತ್ತದೆ. ಕುಗ್ಗಿದ ಸಂಗಾತಿಯಿಂದ ಆಸರೆ ಕಡಿಮೆಯಾಗುತ್ತದೆ, ಚುಚ್ಚುಮಾತು ಹೆಚ್ಚಾಗುತ್ತದೆ. ಅದು ಮತ್ತೆ ಹುಡುಕುವವರನ್ನೇ ಕುಗ್ಗಿಸುತ್ತದೆ. ಹಾಗಾಗಿ ಸಂಗಾತಿ ಸಿಡುಕಿದರೆ ಅದು ನಿಮ್ಮ ಮೇಲಿನ ಸಿಟ್ಟೇ ಆಗಿರಬೇಕಿಲ್ಲ. ಉಳಿತಾಯ ಎಷ್ಟಿದೆ, ಎಷ್ಟು ತಿಂಗಳು ಬರುತ್ತದೆ, ಎಲ್ಲಿ ಕಡಿಮೆ ಮಾಡಬಹುದು ಅಂತ ಹಾಳೆಯ ಮೇಲೆ ಇಬ್ಬರೂ ಬರೆಯಿರಿ. ಮನಸ್ಸಿನಲ್ಲೇ ಇದ್ದರೆ ಲೆಕ್ಕ ದೊಡ್ಡದಾಗಿ ಕಾಣುತ್ತದೆ. ಅವರಿಗೂ ಮನಸ್ಸು ಹಗುರ ಮಾಡಿಕೊಳ್ಳಲು ನಿಮ್ಮನ್ನು ಬಿಟ್ಟು ಇನ್ನೊಬ್ಬರು ಬೇಕು. "ನನ್ನ ವಿಷಯ ನಿನ್ನ ಅಕ್ಕನ ಹತ್ತಿರ ಹೇಳಿಕೋ, ನನಗೆ ಬೇಜಾರಿಲ್ಲ" ಅಂತ ನೀವಾಗಿಯೇ ಅನುಮತಿ ಕೊಡಿ.

ನೆಂಟರು, ಪರಿಚಯದವರು ಕೇಳಿದಾಗ ಏನು ಹೇಳುವುದು? ಒಂದು ಸಾಲನ್ನು ಮೊದಲೇ ತಯಾರು ಮಾಡಿಕೊಳ್ಳಿ. "ಹುಡುಕ್ತಾ ಇದ್ದೀನಿ, ಸಿಕ್ಕಿದ ಕೂಡಲೇ ನಾನೇ ಹೇಳ್ತೀನಿ. ನೀವು ಹೇಗಿದ್ದೀರಿ?" ಅಷ್ಟು ಸಾಕು. ಎಲ್ಲರಿಗೂ ಎಲ್ಲವನ್ನೂ ಹೇಳುವ ಬಾಧ್ಯತೆ ನಿಮಗಿಲ್ಲ.

ಹಂತ 3: ದೂರದ ಪರಿಚಯದವರಿಗೆ ಬರೆಯುವುದು

ಆಪ್ತರು ಮನಸ್ಸಿಗೆ ಆಸರೆ. ಬಾಗಿಲು ತೆರೆಯುವವರು ಮಾತ್ರ ಬಹಳ ಸಲ ದೂರದವರು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟರ್ 1973ರಲ್ಲೇ ಇದನ್ನು ತೋರಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿದ ಜನರನ್ನು ಅವರು "ಆ ಪರಿಚಯದವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?" ಅಂತ ಕೇಳಿದರು. ಪದೇ ಪದೇ ಭೇಟಿಯಾಗುತ್ತಿದ್ದೆ ಅಂದವರು ಸುಮಾರು 17% ಮಾತ್ರ. ಅಪರೂಪಕ್ಕೊಮ್ಮೆ ಅಂದವರೇ 28% ಇದ್ದರು. ಉಳಿದವರದ್ದು ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಯ. 2022ರಲ್ಲಿ ಉದ್ಯೋಗದ ಜಾಲತಾಣವಾದ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು ಇದನ್ನು ಮತ್ತೆ ಪರೀಕ್ಷಿಸಿತು. ತೀರಾ ಆಪ್ತರಿಗಿಂತ, ಸ್ವಲ್ಪ ಪರಿಚಯ ಇರುವವರ ಮೂಲಕ ಹೊಸ ಕೆಲಸಕ್ಕೆ ಹೋಗುವುದು ಹೆಚ್ಚು ಎಂದು ಅದರಲ್ಲೂ ಕಂಡುಬಂತು.

ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವ ಸುದ್ದಿ ಬಹುಮಟ್ಟಿಗೆ ನಿಮಗೂ ಗೊತ್ತಿರುತ್ತದೆ. ದೂರದವರು ಬೇರೆ ಜನರ ನಡುವೆ ಓಡಾಡುತ್ತಾರೆ, ಬೇರೆ ಸುದ್ದಿ ಕೇಳುತ್ತಾರೆ.

ಇದರಲ್ಲಿ ನನಗೆ ಇನ್ನೊಂದು ಸಮಾಧಾನ ಕಂಡಿತು. ಆಪ್ತರ ಮುಂದೆ ಸೋತವನಂತೆ ನಿಲ್ಲುವುದು ಕಷ್ಟ. ನಾಲ್ಕು ವರ್ಷದ ಹಿಂದೆ ಒಟ್ಟಿಗೆ ಕೆಲಸ ಮಾಡಿದವರಿಗೆ ನಾಲ್ಕು ಸಾಲು ಬರೆಯುವುದು ಅಷ್ಟು ಕಷ್ಟವಲ್ಲ. ಅವರು ನಿಮ್ಮನ್ನು ನೆನಪಿಟ್ಟುಕೊಂಡಿರುವುದು ನೀವು ಚೆನ್ನಾಗಿ ಕೆಲಸ ಮಾಡುತ್ತಿದ್ದ ದಿನಗಳಿಂದ.

ಹಳೆಯ ಸಹೋದ್ಯೋಗಿಗಳು, ಜೊತೆಗೆ ಓದಿದವರು, ಪಾಠ ಹೇಳಿದವರು, ತರಬೇತಿಯಲ್ಲಿ ಪಕ್ಕ ಕೂತವರು, ಹಿಂದೆ ವ್ಯವಹಾರದಲ್ಲಿ ಮಾತಾಡಿದ ಗ್ರಾಹಕರು. ಇಪ್ಪತ್ತು ಹೆಸರು ಪಟ್ಟಿ ಮಾಡಿ. ದಿನಕ್ಕೆ ಇಬ್ಬರಿಗೆ ಬರೆಯಿರಿ.

ಹೇಗೆ ಬರೆಯಬಾರದು ಅಂತ ಮೊದಲು ನೋಡೋಣ:

"ಹಾಯ್, ಹೇಗಿದ್ದೀರಿ? ನಿಮ್ಮ ಕಡೆ ಏನಾದರೂ ಕೆಲಸ ಇದ್ದರೆ ನೋಡಿ."

ಇದನ್ನು ಓದಿದವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಯಾವ ಕೆಲಸ? ಯಾರನ್ನು ಕೇಳಬೇಕು? "ಖಂಡಿತ ನೋಡ್ತೀನಿ" ಅಂತ ಬರೆದು ಮರೆಯುತ್ತಾರೆ. ಈಗ ಇದನ್ನು ನೋಡಿ:

"ನಮಸ್ಕಾರ. ಮೂರು ವರ್ಷದ ಹಿಂದೆ ನಾವು ಒಂದೇ ಟೀಮ್‌ನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೆವು. ಈಗ ನಾನು ಅದೇ ಬಗೆಯ ಕೆಲಸ ಹುಡುಕುತ್ತಿದ್ದೇನೆ. ನೀವು ಈಗಿರುವ ಸಂಸ್ಥೆಯಲ್ಲಿ ಕೆಲಸ ಹೇಗಿದೆ, ಜನರನ್ನು ಹೇಗೆ ತೆಗೆದುಕೊಳ್ಳುತ್ತಾರೆ ಅಂತ ತಿಳಿಯಬೇಕಿತ್ತು. ಈ ವಾರ ಹದಿನೈದು ನಿಮಿಷ ಫೋನ್‌ನಲ್ಲಿ ಮಾತಾಡಲು ಆಗುತ್ತದಾ? ಬಿಡುವಿಲ್ಲದಿದ್ದರೆ ಪರವಾಗಿಲ್ಲ."

ಎಲ್ಲಿಂದ ಪರಿಚಯ ಅನ್ನುವುದು ಇದರಲ್ಲಿ ಇದೆ. ಕೇಳಿದ್ದು ಚಿಕ್ಕದು, ಸಮಯಕ್ಕೂ ಮಿತಿ ಇದೆ. ಇಲ್ಲ ಅನ್ನಲೂ ದಾರಿ ಇದೆ. ಕೆಲಸ ಕೊಡಿಸಿ ಅಂತ ಕೇಳಿದರೆ ಅದು ಅವರ ಕೈಯಲ್ಲಿ ಇರುವುದಿಲ್ಲ. ಹದಿನೈದು ನಿಮಿಷ ಅವರ ಕೈಯಲ್ಲೇ ಇದೆ. ರೆಫರಲ್ ಮಾತು ಆ ಫೋನ್‌ನಲ್ಲಿ ತಾನಾಗಿಯೇ ಬರಬಹುದು. ಬರದಿದ್ದರೆ ಕೊನೆಗೆ "ಇದರ ಬಗ್ಗೆ ನಾನು ಇನ್ನು ಯಾರ ಹತ್ತಿರ ಮಾತಾಡಿದರೆ ಒಳ್ಳೆಯದು?" ಅಂತ ಕೇಳಿ. ಒಂದು ಹೆಸರು ಸಿಕ್ಕರೂ ಲಾಭವೇ.

"ತೊಂದರೆ ಕೊಟ್ಟ ಹಾಗಾಗುತ್ತದೆ" ಅನ್ನುವ ಸಂಕೋಚ ನಮ್ಮನ್ನು ಬಹಳ ಹಿಡಿದು ನಿಲ್ಲಿಸುತ್ತದೆ. ಸಂಶೋಧಕರಾದ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ಈ ಸಂಕೋಚಕ್ಕೆ ಸಂಬಂಧಿಸಿದ್ದು. ಅಪರಿಚಿತರಲ್ಲಿ ಐದು ಜನರಿಂದ ಒಂದು ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕು. ಅದಕ್ಕೆ ಸುಮಾರು 20 ಜನರನ್ನು ಕೇಳಬೇಕಾದೀತು ಅಂತ ಭಾಗವಹಿಸಿದವರು ಅಂದುಕೊಂಡರು. ಕೇಳಿ ನೋಡಿದಾಗ 10ರ ಆಸುಪಾಸಿನಲ್ಲೇ ಮುಗಿಯಿತು. ಜನ ನಾವು ಅಂದುಕೊಳ್ಳುವುದಕ್ಕಿಂತ ಎಷ್ಟೋ ಬೇಗ ಒಪ್ಪುತ್ತಾರೆ.

ಹಾಗಂತ ಎಲ್ಲರೂ ಉತ್ತರಿಸುವುದಿಲ್ಲ. ವಾರದ ನಂತರ ಒಂದು ಸಲ ನೆನಪಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಆ ಹೆಸರನ್ನು ಬಿಟ್ಟು ಮುಂದಿನವರಿಗೆ ಬರೆಯಿರಿ. ಅವರ ದಿನ ಹೇಗಿದೆಯೋ ನಮಗೆ ಗೊತ್ತಿಲ್ಲ. ಮಾತಾಡಿದವರಿಗೆ ಅದೇ ದಿನ ಎರಡು ಸಾಲು ಧನ್ಯವಾದ ಬರೆಯಿರಿ. ಅವರು ಹೇಳಿದ್ದನ್ನು ಮಾಡಿದ ಮೇಲೆ ಮತ್ತೊಮ್ಮೆ ತಿಳಿಸಿ. ಈ ಎರಡನೆಯ ಮೆಸೇಜ್ ಯಾರೂ ಕಳಿಸುವುದಿಲ್ಲ. ಕಳಿಸಿದವರನ್ನು ಅವರು ಮರೆಯುವುದಿಲ್ಲ.

ಹಂತ 4: ಹುಡುಕುವವರದೇ ಒಂದು ಚಿಕ್ಕ ಗುಂಪು

ನಾಲ್ಕು ಮಾತುಗಳಲ್ಲಿ "ಜೊತೆ" ಮುಂದಿನ ಜಾಗ ಬಹಳ ಜನರಲ್ಲಿ ಖಾಲಿ ಇರುತ್ತದೆ. ನನ್ನನ್ನು ಎತ್ತಿ ನಿಲ್ಲಿಸಿದ್ದು ಅದೇ ಜಾಗ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಅಮೆರಿಕದ ಮನೋವಿಜ್ಞಾನಿ ನೇಥನ್ ಅಜ್ರಿನ್ ಮತ್ತು ಜೊತೆಗಾರರು 1975ರಲ್ಲಿ 'ಜಾಬ್ ಕ್ಲಬ್' ಎಂಬ ಪ್ರಯೋಗದ ಫಲ ಪ್ರಕಟಿಸಿದರು. ಕೆಲಸ ಹುಡುಕುವವರನ್ನು ಒಂದು ಕಡೆ ಸೇರಿಸಿದರು. ಇಬ್ಬಿಬ್ಬರನ್ನು ಜೋಡಿ ಮಾಡಿದರು. ಒಬ್ಬರಿಗೆ ಸಿಕ್ಕ ಖಾಲಿ ಜಾಗದ ಸುದ್ದಿಯನ್ನು ಎಲ್ಲರೂ ಹಂಚಿಕೊಂಡರು. ಮನೆಯವರ ಬೆಂಬಲವನ್ನೂ ಕೇಳಿದರು. ಎರಡು ತಿಂಗಳಲ್ಲಿ ಗುಂಪಿನ 90% ಜನರಿಗೆ ಕೆಲಸ ಸಿಕ್ಕಿತ್ತು. ತಾವಾಗಿಯೇ ಹುಡುಕಿದವರಲ್ಲಿ ಅದು 55%. ಅದು ಆ ಕಾಲದ, ಒಂದು ಚಿಕ್ಕ ಪ್ರಯೋಗದ ಲೆಕ್ಕ. ನಿಮ್ಮ ಗುಂಪಿಗೂ ಅದೇ ಫಲ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಸೇರಿ ಹುಡುಕುವುದು ಮನಸ್ಸಿನ ಸಮಾಧಾನಕ್ಕೆ ಮಾತ್ರ ಅಂತ ಅಂದುಕೊಳ್ಳಬೇಡಿ.

ಗುಂಪು ಕಟ್ಟುವುದು ಹೀಗೆ. ನಾಲ್ಕರಿಂದ ಆರು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಯಾರೋ ಇಬ್ಬರು ಮಾತಾಡುತ್ತಾರೆ, ಉಳಿದವರು ಸುಮ್ಮನಾಗುತ್ತಾರೆ. ಎಲ್ಲರದೂ ಒಂದೇ ವೃತ್ತಿ ಆಗಬೇಕಿಲ್ಲ. ಬೇರೆ ಬೇರೆ ಆದರೇ ಒಳ್ಳೆಯದು ಅಂತ ನನ್ನ ಅನುಭವ. ಒಂದೇ ಕುರ್ಚಿಗೆ ಇಬ್ಬರು ಸ್ಪರ್ಧಿಸುವ ಇರುಸುಮುರುಸು ಇರುವುದಿಲ್ಲ. ಜನ ಎಲ್ಲಿ ಸಿಗುತ್ತಾರೆ? ನಿಮ್ಮ ಜೊತೆಗೇ ಕೆಲಸ ಕಳೆದುಕೊಂಡವರು, ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಗುಂಪು, ಗ್ರಂಥಾಲಯ, ಉದ್ಯೋಗ ವಿನಿಮಯ ಕೇಂದ್ರ. ಒಬ್ಬರು ಸಿಕ್ಕರೆ ಅವರಿಂದಲೇ ಶುರು ಮಾಡಿ. ಇಬ್ಬರಿದ್ದರೂ ಅದು ಗುಂಪೇ.

ವಾರಕ್ಕೆ ಒಂದು ಸಲ, ಒಂದು ಗಂಟೆ. ದಿನ ಮತ್ತು ಸಮಯ ಬದಲಿಸಬೇಡಿ. ಎದುರು ಬದುರು ಕೂತರೆ ಒಳ್ಳೆಯದು, ಆಗದಿದ್ದರೆ ವಿಡಿಯೊ ಕಾಲ್. ಒಬ್ಬೊಬ್ಬರಿಗೂ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಮೂರು ವಿಷಯ ಹೇಳಬೇಕು:

1. ಕಳೆದ ವಾರ ನಾನು ಏನು ಮಾಡಿದೆ.
2. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.
3. ನಿಮ್ಮಿಂದ ಈಗ ಏನು ಬೇಕು. ಸಲಹೆಯಾ, ಹೆಸರಾ, ಸುಮ್ನೆ ಕೇಳಿಸಿಕೊಳ್ಳುವುದಾ?

ಮೂರನೆಯದು ಮರೆಯಬೇಡಿ. ಅದನ್ನು ಹೇಳದಿದ್ದರೆ ಐದು ಜನ ಐದು ಸಲಹೆ ಕೊಟ್ಟು, ಬಂದದ್ದಕ್ಕಿಂತ ಹೆಚ್ಚು ಗೊಂದಲದಲ್ಲಿ ಮನೆಗೆ ಹೋಗುತ್ತೀರಿ.

ನಮ್ಮ ಗುಂಪಿನಲ್ಲಿ ಒಂದು ನಿಯಮ ಇತ್ತು. ಎಷ್ಟು ಇಂಟರ್‌ವ್ಯೂ ಬಂತು, ಎಷ್ಟು ಆಫರ್ ಬಂತು ಅಂತ ಲೆಕ್ಕ ಇಡುವಂತಿಲ್ಲ. ಅವು ನಮ್ಮ ಕೈಯಲ್ಲಿಲ್ಲ. ಎಷ್ಟು ಅರ್ಜಿ ಹಾಕಿದೆ, ಎಷ್ಟು ಜನರಿಗೆ ಬರೆದೆ, ಯಾವ ವಿಷಯ ಓದಿಕೊಂಡೆ ಅನ್ನುವುದನ್ನು ಮಾತ್ರ ಲೆಕ್ಕ ಇಡುತ್ತಿದ್ದೆವು. ಗುಂಪಿನಲ್ಲಿ ಹೇಳಿದ್ದು ಹೊರಗೆ ಹೋಗಬಾರದು ಅನ್ನುವುದನ್ನೂ ಮೊದಲ ದಿನವೇ ಬಾಯಿಬಿಟ್ಟು ಹೇಳಿಕೊಂಡಿದ್ದೆವು. ಕೆಲವು ಬೆಳಿಗ್ಗೆ ಇಬ್ಬರು ವಿಡಿಯೊ ಹಚ್ಚಿಟ್ಟುಕೊಂಡು, ಮಾತಾಡದೆ, ಎರಡು ಗಂಟೆ ತಮ್ಮ ತಮ್ಮ ಅರ್ಜಿ ತುಂಬುತ್ತಿದ್ದೆವು. ಇನ್ನೊಬ್ಬರು ಆ ಕಡೆ ಕೂತು ಕೆಲಸ ಮಾಡುತ್ತಿದ್ದಾರೆ ಅನ್ನುವುದೇ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಒಂದು ಎಚ್ಚರ. ಗುಂಪು ಬರೀ ಗೋಳು ತೋಡಿಕೊಳ್ಳುವ ಜಾಗವಾದರೆ ಬಿಡಬೇಕಾಗುತ್ತದೆ. ಮುಗಿದ ಮೇಲೆ ನಿಮ್ಮ ಮನಸ್ಸು ಹಗುರವಾಗಿದೆಯಾ, ಭಾರವಾಗಿದೆಯಾ ಅಂತ ನೋಡಿಕೊಳ್ಳಿ. ಮೂರು ವಾರ ಸತತವಾಗಿ ಭಾರವಾದರೆ ಗುಂಪಿನಲ್ಲಿ ಅದನ್ನೇ ಮಾತಾಡಿ. ಬದಲಾಗದಿದ್ದರೆ ಬೇರೆ ಜೊತೆ ಹುಡುಕಿ.

ಆನ್‌ಲೈನ್‌ನಲ್ಲಿ ಸಿಗುವ ಅಪರಿಚಿತರಿಂದಲೂ ಒಳ್ಳೆಯ ಸಹಾಯ ಸಿಗುತ್ತದೆ. ಆದರೆ ಆಧಾರ್ ಅಥವಾ ಬ್ಯಾಂಕ್ ವಿವರ ಕೇಳಿದರೆ, ನೋಂದಣಿಗೆ, ತರಬೇತಿಗೆ, ಲ್ಯಾಪ್‌ಟಾಪ್‌ಗೆ ಮೊದಲು ದುಡ್ಡು ಕಟ್ಟಿ ಅಂದರೆ ಅಲ್ಲಿಗೇ ನಿಲ್ಲಿಸಿ. ಕೆಲಸ ಕೊಡುವವರು ಕೆಲಸಕ್ಕಾಗಿ ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಮೋಸ ಮಾಡುವವರು ಒಂಟಿಯಾಗಿ, ಆತುರದಲ್ಲಿ ಇರುವವರನ್ನೇ ಹುಡುಕುತ್ತಾರೆ. ಇಂಥ ಆಫರ್ ಬಂದಾಗ ಒಪ್ಪುವ ಮೊದಲು ಗುಂಪಿನ ಒಬ್ಬರಿಗಾದರೂ ತೋರಿಸಿ.

ಹಂತ 5: ಇಲ್ಲ ಅಂದ ದಿನಕ್ಕೆ ಮೊದಲೇ ತಯಾರಿ

ಮೂರು ಸುತ್ತು ಇಂಟರ್‌ವ್ಯೂ ಮುಗಿಸಿ, ಎಲ್ಲ ಚೆನ್ನಾಗಿ ಹೋಗಿದೆ ಅಂತ ಅಂದುಕೊಂಡಿರುತ್ತೀರಿ. ಆಮೇಲೆ ಎರಡು ಸಾಲಿನ ಇಮೇಲ್ ಬರುತ್ತದೆ. ಆ ದಿನ ಯಾರಿಗೆ ಫೋನ್ ಮಾಡಲಿ ಅಂತ ಯೋಚಿಸುವಷ್ಟೂ ತ್ರಾಣ ಇರುವುದಿಲ್ಲ. ಅದಕ್ಕೇ ಮೊದಲೇ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. "ಯಾವತ್ತಾದರೂ 'ಇಲ್ಲ ಅಂದ್ರು' ಅಂತ ಎರಡೇ ಪದ ಕಳಿಸಿದರೆ ನನಗೆ ಫೋನ್ ಮಾಡ್ತೀಯಾ? ಏನೂ ಹೇಳಬೇಕಾಗಿಲ್ಲ, ಹತ್ತು ನಿಮಿಷ ಜೊತೆಗಿದ್ದರೆ ಸಾಕು" ಅಂತ ಕೇಳಿ.

ನೀವು ಆ ಗೆಳೆಯರಾಗಿದ್ದರೆ, "ಆಗಿದ್ದೆಲ್ಲ ಒಳ್ಳೇದಕ್ಕೇ" ಅಂತ ಆ ದಿನ ಹೇಳಬೇಡಿ. "ಅವರಿಗೇ ನಷ್ಟ" ಅಂತಲೂ ಬೇಡ. "ಬಹಳ ಆಸೆ ಇಟ್ಟುಕೊಂಡಿದ್ದೆ ಅಲ್ವಾ" ಅಂದು ಸುಮ್ಮನಾಗಿ. ಉಳಿದದ್ದನ್ನು ಅವರೇ ಹೇಳುತ್ತಾರೆ.

ಯಾರಿಗೂ ಹೇಳಲಾಗದ ಮಾತುಗಳೂ ಇರುತ್ತವೆ. ಹಳೆಯ ಕಂಪನಿಯ ಮೇಲಿನ ಸಿಟ್ಟು, ಅವಮಾನ, ಭಯ. ಅದನ್ನು ಬರೆಯಿರಿ. 1994ರಲ್ಲಿ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಜೊತೆಗಾರರು ಕೆಲಸ ಕಳೆದುಕೊಂಡ ಎಂಜಿನಿಯರ್‌ಗಳ ಮೇಲೆ ಒಂದು ಪ್ರಯೋಗ ನಡೆಸಿ ಪ್ರಕಟಿಸಿದರು. ಒಂದು ಗುಂಪು ಐದು ದಿನ, ದಿನಕ್ಕೆ 20 ನಿಮಿಷ, ಕೆಲಸ ಹೋದದ್ದರ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆಯಿತು. ಬೇರೆ ವಿಷಯ ಬರೆದವರಿಗಿಂತ, ಏನೂ ಬರೆಯದವರಿಗಿಂತ ಇವರಿಗೆ ಬೇಗ ಕೆಲಸ ಸಿಕ್ಕಿತು. ಇವರಿಗೆ ಹುಡುಕುವ ಹುಮ್ಮಸ್ಸು ಹೆಚ್ಚಾದದ್ದು ಕಾರಣವಲ್ಲ. ಹಳೆಯ ಕೆಲಸದ ಬಗ್ಗೆ, ಹೊಸದನ್ನು ಹುಡುಕುವುದರ ಬಗ್ಗೆ ಅವರ ಮನೋಭಾವ ಬದಲಾಗಿತ್ತು ಅಂತ ಸಂಶೋಧಕರು ಹೇಳಿದರು. ನನಗೆ ಇದು ನಿಜ ಅನ್ನಿಸುತ್ತದೆ. ಕಹಿ ಒಳಗೇ ಇದ್ದರೆ ಇಂಟರ್‌ವ್ಯೂನಲ್ಲಿ "ಹಿಂದಿನ ಕೆಲಸ ಯಾಕೆ ಬಿಟ್ಟಿರಿ?" ಅಂದ ಕೂಡಲೇ ಮುಖದಲ್ಲಿ ಕಾಣುತ್ತದೆ.

ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ. ಹರಿದು ಹಾಕಬಹುದು.

ಹಂತ 6: ನೀವೂ ಯಾರಿಗಾದರೂ ಬೇಕಾಗಿ

ತಿಂಗಳುಗಟ್ಟಲೆ ಕೇಳುವವರಾಗಿಯೇ ಇದ್ದರೆ ಮನಸ್ಸು ಬಗ್ಗಿಹೋಗುತ್ತದೆ. ವಾರಕ್ಕೆ ಎರಡು ಗಂಟೆ ಕೊಡುವವರಾಗಿ. ಪಕ್ಕದ ಮನೆಯ ಮಗುವಿಗೆ ಗಣಿತ ಹೇಳಿಕೊಡಿ. ಗುಂಪಿನ ಒಬ್ಬರ ರೆಸ್ಯೂಮೆ ನೋಡಿಕೊಡಿ. ಸಂಘ ಸಂಸ್ಥೆಯೊಂದರ ಲೆಕ್ಕ ಬರೆದುಕೊಡಿ. ನಿಮ್ಮ ಕೈಯ ಕೆಲಸ ಇನ್ನೂ ನಿಮ್ಮಲ್ಲಿದೆ ಅಂತ ನಿಮಗೇ ಗೊತ್ತಾಗಬೇಕು. ಹಾಡು, ಆಟ, ನಡಿಗೆ, ಯಾವುದೋ ಒಂದು ಗುಂಪಿಗೆ ಹೋಗಿ. ಅಲ್ಲಿ ಕೆಲಸದ ಮಾತೇ ಬರಬಾರದು.

ಹಂತ 7: ಗೆಳೆಯರಿಂದ ಆಗದಿದ್ದಾಗ

ಸಂಶೋಧಕರಾದ ಕಾರ್ಸ್ಟನ್ ಪೌಲ್ ಮತ್ತು ಕ್ಲೌಸ್ ಮೋಸರ್ 2009ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಕೆಲಸವಿಲ್ಲದವರಲ್ಲಿ ಮಾನಸಿಕ ತೊಂದರೆ ಇರುವವರು 34%, ಕೆಲಸದಲ್ಲಿರುವವರಲ್ಲಿ 16% ಅಂತ ಕಂಡಿತು. ಅಂದರೆ ಹೆಚ್ಚುಕಡಿಮೆ ಎರಡರಷ್ಟು. ನಿಮಗೆ ಹೀಗಾಗಿದ್ದರೆ ನೀವು ಒಬ್ಬರೇ ಅಲ್ಲ.

ಎರಡು ವಾರಕ್ಕಿಂತ ಹೆಚ್ಚು ದಿನ, ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ ಡಾಕ್ಟರ್ ಅಥವಾ ಆಪ್ತಸಮಾಲೋಚಕರನ್ನು ಕಾಣಿ. ನಿದ್ದೆ ಬರದಿದ್ದರೆ ಅಥವಾ ಏಳಲೇ ಆಗದಿದ್ದರೆ, ಊಟ ಸೇರದಿದ್ದರೆ, ಮೊದಲು ಖುಷಿ ಕೊಡುತ್ತಿದ್ದುದು ಈಗ ಏನೂ ಅನ್ನಿಸದಿದ್ದರೆ, ಕುಡಿತ ಹೆಚ್ಚಾಗಿದ್ದರೂ ಅಷ್ಟೇ. ಕೆಲಸ ಸಿಕ್ಕ ಮೇಲೆ ಸರಿಹೋಗುತ್ತದೆ ಅಂತ ಕಾಯಬೇಡಿ. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಆ ಹೊತ್ತಿಗೇ ಪಕ್ಕದಲ್ಲಿರುವವರಿಗೆ ಹೇಳಿ, ಸಹಾಯವಾಣಿಗೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಒಬ್ಬರೇ ಇರಬೇಡಿ. "ನಾನು ಸುರಕ್ಷಿತವಾಗಿಲ್ಲ, ನನ್ನ ಜೊತೆ ಇರು" ಅಂತ ಹೇಳಿದರೆ ಸಾಕು, ಬೇರೆ ವಿವರಣೆ ಬೇಕಿಲ್ಲ.

ಇವತ್ತೇ ಶುರು ಮಾಡುವುದಾದರೆ

ಇವತ್ತು ನಾಲ್ಕು ಮಾತಿನ ಹಾಳೆ. ನಾಳೆ ಮನೆಯವರ ಜೊತೆ ಮಾತು. ನಾಡಿದ್ದು ದೂರದ ಇಬ್ಬರಿಗೆ ಮೆಸೇಜ್. ಈ ವಾರ ಮುಗಿಯುವುದರೊಳಗೆ, ಕೆಲಸ ಹುಡುಕುತ್ತಿರುವ ಒಬ್ಬರಿಗೆ "ವಾರಕ್ಕೊಮ್ಮೆ ಮಾತಾಡೋಣವಾ?" ಅಂತ ಕೇಳಿ. ಮಿಕ್ಕದ್ದನ್ನು ಮುಂದಿನ ವಾರ ನೋಡೋಣ. ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ.

ಕೆಲಸ ಸಿಕ್ಕ ದಿನಕ್ಕೂ ಒಂದು ಮಾತು. ಗುಂಪಿನಲ್ಲಿ ಇನ್ನೂ ಹುಡುಕುತ್ತಿರುವವರಿಗೆ ಎಲ್ಲರ ಮುಂದೆ ಗೊತ್ತಾಗುವ ಮೊದಲು, ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿ. ಅವರಿಗೆ ಸಂತೋಷವೂ ಆಗುತ್ತದೆ, ಸ್ವಲ್ಪ ಸಂಕಟವೂ ಆಗುತ್ತದೆ. ಎರಡಕ್ಕೂ ಅವರಿಗೆ ಸಮಯ ಕೊಡಿ. ಹೊಸ ಕೆಲಸ ಶುರುವಾದ ಮೇಲೂ ಒಂದು ತಿಂಗಳಾದರೂ ವಾರದ ಆ ಒಂದು ಗಂಟೆಗೆ ಹೋಗಿ ಕೂತುಕೊಳ್ಳಿ. ನನಗೆ ಫೋನ್ ಮಾಡಿದ್ದ ಆ ಹಳೆಯ ಗೆಳೆಯನಿಗೆ ನಾನು ಆರು ತಿಂಗಳ ನಂತರ ಫೋನ್ ಮಾಡಿದೆ, ಕೆಲಸ ಸಿಗುವ ಮೊದಲೇ. "ಎತ್ತಲಿಲ್ಲ, ನಾಚಿಕೆಯಾಗಿತ್ತು" ಅಂದೆ. "ಗೊತ್ತಾಗಿತ್ತು. ಈಗ ಹೇಗಿದ್ದೀಯಾ?" ಅಂದ.